ಪ್ಲಾಸ್ಟಿಕ್ ಬಾಲಕ್ಕೆ ಕಾದ ಕಾಫಿ ಹೂವು

ಅಕ್ಕನ ಮನೆಯ ಫ್ರಿಜ್ಜಿನಲ್ಲಿ ಮೊಸರು ಹುಡುಕುತ್ತಿದ್ದೆ. ಕೈಗೆ ಒಂದು ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಒಳಗೆ ನೇರಳೆ ಬಣ್ಣದ, ಮಿಣಮಿಣ ಮಿಂಚುವ, ಬಾಲ ಸೀಳಿಕೊಂಡ ಹುಳುಗಳ ರಾಶಿ! ನಾನು ಕಿರುಚಿದ ರಭಸಕ್ಕೆ ಡಬ್ಬಿ ಒಂದು ಕಡೆ ಹಾರಿತು, ಮುಚ್ಚಳ ಇನ್ನೊಂದು ಕಡೆ.

ಭಾವ ಓಡಿ ಬಂದರು. ನನ್ನ ಹತ್ತಿರ ಅಲ್ಲ, ಹುಳುಗಳ ಹತ್ತಿರ.

"ಏನು ಮಾರಾಯ್ತಿ ನೀನು! ನೋಡಿ ತೆಗೆಯೋದಲ್ವಾ?" ಎನ್ನುತ್ತಾ ಮಂಡಿಯೂರಿ ಕೂತು ಒಂದೊಂದನ್ನೇ ಹೆಕ್ಕಿ, ಉಫ್ ಎಂದು ಊದಿ, ಡಬ್ಬಿಗೆ ತುಂಬಿಕೊಂಡರು. "ಇವು ಹುಳ ಅಲ್ಲ. ಟ್ರೇಲರ್."

ನನಗೆ ಗೊತ್ತಿರುವ ಟ್ರೇಲರ್ ಟ್ರ್ಯಾಕ್ಟರಿನ ಹಿಂದೆ ಗೊಬ್ಬರ ಹೊತ್ತುಕೊಂಡು ಬರುವಂಥದ್ದು. ಅದಕ್ಕೆ ಫ್ರಿಜ್ಜಿನಲ್ಲಿ ಏನು ಕೆಲಸ?

"ಸೆಕೆಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ತವೆ. ಬಾಲ ಒಂಚೂರು ಸೊಟ್ಟ ಆದ್ರೂ ಮುಗೀತು ಕಥೆ" ಎಂದರು ಭಾವ.

ಇವರನ್ನು ನಿಮಗೆ ಪರಿಚಯಿಸಬೇಕು. ಮೂಡಿಗೆರೆ ಹತ್ತಿರ ಕಾಫಿ ಎಸ್ಟೇಟ್. ಒಳ್ಳೆಯ ಮನುಷ್ಯ, ಯಾರನ್ನೂ ಗದರಿ ಮಾತಾಡಿದವರಲ್ಲ. ಆದರೆ ಆಗಾಗ ಒಂದೊಂದು ಹುಚ್ಚು ಹತ್ತುತ್ತದೆ. ಮೊದಲು ಜರ್ಮನ್ ನಾಯಿಗಳು ಬಂದವು. ಆಮೇಲೆ ಗಾಲ್ಫ್ ಬಂತು (ಎಸ್ಟೇಟಿನ ಕಣದಲ್ಲೇ ಹೊಡೆದು ಪಕ್ಕದವರ ಹೆಂಚು ಒಡೆದರು). ಈಗ ಗಾಳ. ಕ್ಲಬ್ಬಿನಲ್ಲಿ ಯಾರೋ ಒಂದು ಡಿವಿಡಿ ಕೊಟ್ಟಿದ್ದಾರೆ. ಅದರಲ್ಲಿ ಒಬ್ಬ ಕೆಂಪು ಮೂತಿಯ ಅಮೆರಿಕದವನು ದೋಣಿಯಲ್ಲಿ ನಿಂತು ಬ್ಯಾಸ್ ಎಂಬ ಮೀನು ಹಿಡಿಯುತ್ತಾನೆ, ಮುತ್ತಿಡುತ್ತಾನೆ, ಮತ್ತೆ ನೀರಿಗೆ ಬಿಡುತ್ತಾನೆ. ಸಾರು ಮಾಡುವುದಿಲ್ಲ. ಭಾವ ಅದನ್ನು ಎಷ್ಟು ಸಲ ನೋಡಿದ್ದಾರೆಂದರೆ ಅಕ್ಕನಿಗೂ ಅವನ ನಗು ಬಾಯಿಪಾಠ.

ಊಟಕ್ಕೆ ಕೂತಾಗ ನನಗೆ ಪಾಠ ಶುರುವಾಯಿತು. ಗಾಳಕ್ಕೆ ಸೀಸದ ತಲೆ, ತಲೆಯ ಮುಂದೆ ಉಗುರಿನಗಲದ ಲೋಹದ ತಗಡು, ಸುತ್ತ ರಬ್ಬರ್ ಎಳೆಗಳ ಲಂಗ. ಇದು ಜಿಗ್. ಎಳೆದರೆ ತಗಡು ನೀರಿನಲ್ಲಿ ಗಡಗಡ ನಡುಗುತ್ತದೆ, ಮೀನಿಗೆ ಸಿಟ್ಟು ಬರುತ್ತದೆ, ಬಂದು ಕಚ್ಚುತ್ತದೆ. ಅದರ ಕೊಕ್ಕೆಗೆ ಹಿಂದಿನಿಂದ ಪೋಣಿಸುವ ಮೆತ್ತನೆಯ ಪ್ಲಾಸ್ಟಿಕ್ ಬಾಲವೇ ಈ ಟ್ರೇಲರ್.

"ಎಲ್ಲಾ ಇರೋದು ಬಾಲದಲ್ಲೇ" ಎಂದರು ಭಾವ, ಕಡುಬು ಮುರಿಯುತ್ತಾ. "ದಪ್ಪ ಬಾಲ ಹಾಕಿದ್ರೆ ತಗಡು ಅಲುಗೋದು ಕಮ್ಮಿ ಆಗುತ್ತೆ. ಸೀಳು ಬಾಲ ಹಾಕಿದ್ರೆ ಸರಾಗ ಓಡುತ್ತೆ. ಏಡಿ ಥರದ್ದು ಹಾಕಿದ್ರೆ ಮೇಲೆ ತೇಲಿ ಬರುತ್ತೆ. ತಿಳಿನೀರಿಗೆ ತೆಳು ಬಣ್ಣ. ಕದಡಿದ ನೀರಿಗೆ ಕಪ್ಪು."

"ಬ್ಯಾಸ್ ನಿಮ್ಮ ಕೆರೇಲಿ ಇದ್ಯಾ ಭಾವ?"

"ಇಲ್ಲ. ಆದ್ರೆ ಕುಚ್ಚು ಮೀನು ಇದ್ಯಲ್ಲ? ಅದೂ ಹಾಗೇ. ಜೊಂಡಿನಲ್ಲಿ ಅಡಗಿ ಕೂತು ಹಾರಿ ಹಿಡಿಯೋ ಜಾತಿ."

ಈ ವಿಷಯ ಕುಚ್ಚು ಮೀನಿಗೆ ಯಾರಾದರೂ ತಿಳಿಸಿದ್ದಾರೋ ಇಲ್ಲವೋ!

ಅಕ್ಕ ಮಾತಾಡದೆ ಬಡಿಸುತ್ತಿದ್ದಳು. ನಮ್ಮ ವನಜಕ್ಕ ಸುಮ್ಮನಿದ್ದಾಳೆ ಎಂದರೆ ಏನೋ ಇದೆ ಎಂದೇ ಅರ್ಥ. ಕೈ ತೊಳೆದ ಮೇಲೆ ನನ್ನನ್ನು ಕೆರೆಯ ಹಿಂದಿನ ತೋಟಕ್ಕೆ ಕರೆದುಕೊಂಡು ಹೋದಳು. ಹಳೇ ಗಿಡ ಕಿತ್ತು ಅವಳೇ ನಿಂತು ಹಾಕಿಸಿದ ರೋಬಸ್ಟಾ ಕಾಫಿ. ಗುಂಡಿ ತೆಗೆಸುವುದರಿಂದ ಹಿಡಿದು ನೆರಳು ಕಟ್ಟಿಸುವವರೆಗೆ ಎಲ್ಲವೂ ಅವಳದ್ದೇ. ಈ ವರ್ಷ ಮೊದಲ ಸಲ ಮೈತುಂಬ ಮೊಗ್ಗು. ಗಿಣ್ಣುಗಿಣ್ಣಿಗೂ ಬಲಿತು ನಿಂತಿತ್ತು.

"ನೋಡು, ನೀರು ಕೊಟ್ರೆ ಅರಳೋಕೆ ಕಾದು ಕೂತಿದೆ. ಪಕ್ಕದವರೆಲ್ಲ ಸ್ಪ್ರಿಂಕ್ಲರ್ ಹಾಕಿ ಆಯ್ತು. ನಿಮ್ಮ ಭಾವ ಪಂಪ್ ಹಾಕೋಕೆ ಬಿಡ್ತಿಲ್ಲ ಕಣೇ."

"ಯಾಕೆ?"

"ಕೆರೆ ನೀರು ಇಳಿದು ಕದಡುತ್ತಂತೆ. ಭಾನುವಾರ ಕ್ಲಬ್ಬಿನವರು ಬರ್ತಾರಂತೆ, ಯಾರು ದೊಡ್ಡ ಮೀನು ಹಿಡೀತಾರೆ ಅಂತ ಕಾಂಪಿಟೇಶನ್."

"ಕದಡಿದ್ರೆ ಕಪ್ಪು ಬಾಲ ಹಾಕ್ಬಹುದಂತಲ್ಲ?"

"ಅದು ಇನ್ನೂ ಬಂದಿಲ್ಲ. ಕ್ಲಬ್ಬಿನ ಜಗದೀಶಣ್ಣ ಸಿಂಗಾಪುರದಿಂದ ತರ್ತಾರಂತೆ."

ನಗು ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡೆ. ಒಂದು ಇಡೀ ತೋಟದ ಹೂವು ಸಿಂಗಾಪುರದಿಂದ ಬರಬೇಕಾದ ಒಂದು ಕಪ್ಪು ಪ್ಲಾಸ್ಟಿಕ್ ಬಾಲಕ್ಕಾಗಿ ಕಾಯುತ್ತಿದೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಭಾವನ ಹತ್ತಿರವೇ ಹೇಳಿದೆ. "ಇನ್ನು ಎರಡು ದಿನ ತಾನೆ? ಅಷ್ಟರಲ್ಲಿ ಮಳೆಯೇ ಬರಬಹುದು" ಎಂದರು, ಆಕಾಶ ನೋಡಿ. ಕಾಫಿ ಬೆಳೆಗಾರರಿಗೆ ಆಕಾಶ ನೋಡುವುದು ಒಂದು ದೊಡ್ಡ ಅನುಕೂಲ. ಎದುರಿಗೆ ಕೂತ ಹೆಂಡತಿಯನ್ನು ನೋಡಬೇಕಾಗಿಲ್ಲ.

ಮಳೆ ಬಂತು ಕೂಡ. ಶನಿವಾರ ಸಂಜೆ, ಹೆಂಚು ತೊಯ್ಯುವಷ್ಟು ನಾಲ್ಕು ಹನಿ.

ಭಾವ "ನೋಡಿದ್ಯಾ, ನಾನು ಹೇಳ್ಲಿಲ್ವಾ!" ಎಂದು ಖುಷಿಪಟ್ಟರು. ಅಕ್ಕ ತಲೆ ಮೇಲೆ ಕೈಹೊತ್ತು ಕೂತಳು. ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಬಲಿತ ಮೊಗ್ಗಿಗೆ ನೀರೇ ಬೀಳದಿದ್ದರೆ ಇನ್ನೂ ಒಂದಷ್ಟು ದಿನ ತಡೆದುಕೊಳ್ಳುತ್ತದೆ. ಹೊಟ್ಟೆ ತುಂಬ ಬಿದ್ದರೆ ಅರಳುತ್ತದೆ. ಅರೆಬರೆ ಬಿದ್ದರೆ? ಅರಳಲು ಹೋಗಿ ಅರ್ಧಕ್ಕೇ ಮುರುಟಿಕೊಳ್ಳುತ್ತದೆ. ಬೆನ್ನಿಗೇ ಸ್ಪ್ರಿಂಕ್ಲರ್ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಭಾವನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತು. ಆ ಸಂಜೆ ಅವರು ಗಾಳದ ದಾರ ಸುತ್ತುತ್ತಿದ್ದರು, ಅಷ್ಟೆ.

"ನಾಳೆ ಬೆಳಿಗ್ಗೆ ಪಂಪ್ ಹಾಕ್ಲೇಬೇಕು ರೀ" ಎಂದಳು ಅಕ್ಕ.

"ಮಧ್ಯಾಹ್ನ ಊಟ ಆದ್ಮೇಲೆ ಹಾಕಿಸ್ತೀನಿ ಮಾರಾಯ್ತಿ. ಅವರೆಲ್ಲ ಅಷ್ಟು ದೂರದಿಂದ ಬರ್ತಾರೆ."

ಬೆಳಿಗ್ಗೆ ಜೀಪುಗಳು ಬಂದವು. ಅತ್ತಿಗುಂಡಿ ಕಡೆಯವರು, ಕಳಸದ ಕಡೆಯವರು. ಟೋಪಿ, ಕಪ್ಪು ಕನ್ನಡಕ, ಹತ್ತು ಜೇಬಿನ ಕೋಟು. ಆ ಜೇಬುಗಳಲ್ಲೆಲ್ಲ ಬಾಲಗಳು. ಜಗದೀಶಣ್ಣ ಕಪ್ಪು ಬಾಲದ ಪ್ಯಾಕೆಟ್ಟನ್ನು ಪ್ರಸಾದ ಹಂಚುವಂತೆ ಎಲ್ಲರಿಗೂ ಒಂದೊಂದು ಕೊಟ್ಟರು. ಯಾರ ಬಾಲ ನೆಟ್ಟಗೆ ಕೂತಿದೆ ಎಂದು ಒಬ್ಬರದ್ದನ್ನು ಒಬ್ಬರು ಹಿಡಿದು ನೋಡಿದರು. ಎಲ್ಲ ಐವತ್ತು ದಾಟಿದವರು. ಕೆರೆಯ ದಂಡೆಯಲ್ಲಿ ಪಿಸುಮಾತು ಮಾತ್ರ. ಆಸ್ಪತ್ರೆಯಲ್ಲೂ ನಮ್ಮ ಗಂಡಸರು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕಂಡಿಲ್ಲ.

ಆಗ ಡೀಸೆಲ್ ಇಂಜಿನ್ ಗುಡುಗಿತು.

ಅಕ್ಕ ಪಂಪ್‌ಹೌಸಿನಿಂದ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಭಾನುವಾರ, ಆಳುಗಳಿಗೆ ರಜೆ. ಪೈಪು ಹೊರುವವರು ನಾವಿಬ್ಬರೇ. ನಾನು ಚಿಕ್ಕಮಗಳೂರಿನಿಂದ ಹಾಕಿಕೊಂಡು ಬಂದ ಹೀಲ್ಡ್ ಚಪ್ಪಲಿ ಬಿಸಾಡಿ, ಬರಿಗಾಲಲ್ಲಿ ಅಲ್ಯೂಮಿನಿಯಂ ಪೈಪಿನ ಒಂದು ತುದಿ ಹಿಡಿದೆ. (ಅಂಕಣ ಬರೆಯುವ ಕೈ, ಮೂರು ದಿನ ಪೆನ್ನು ಹಿಡಿಯಲೂ ಬರಲಿಲ್ಲ.)

"ಯಾರು ಹಾಕಿದ್ದು ಪಂಪು? ಮೀನೆಲ್ಲ ಓಡಿಹೋಗ್ತವೆ!" ಭಾವ ದಂಡೆಯಿಂದ ಕೈ ಬೀಸಿದರು.

"ಹೋಗ್ಲಿ ಬಿಡಿ" ಎಂದಳು ಅಕ್ಕ. ತಿರುಗಿ ನೋಡಲಿಲ್ಲ.

ಭಾವ ಓಡಿಬಂದು ಪೈಪಿಗೆ ಕೈ ಕೊಡುತ್ತಾರೆ ಎಂದು ನಾನು ನಂಬಿದ್ದೆ. ನೀವೂ ನಂಬುತ್ತಿದ್ದಿರಿ. ಕೆರೆಯ ನೀರು ಕೆಂಪಗೆ ಕದಡುತ್ತಾ ಬಂತು. ಭಾವ ಅದನ್ನು ನೋಡಿದರು. ಮುಖ ಅರಳಿತು. "ಜಗದೀಶಾ, ಈಗ ಕಪ್ಪು!" ಎಂದು ಹಳೇ ಬಾಲ ಕಿತ್ತು ಹೊಸ ಬಾಲ ಪೋಣಿಸತೊಡಗಿದರು.

ಬೀಸಿ ಎಸೆದರು. ಎಳೆದರು. ದಾರ ಬಿಗಿಯಿತು, ಕೋಲು ಬಿಲ್ಲಿನಂತೆ ಬಾಗಿತು.

"ಬಿತ್ತು! ದೊಡ್ಡದು ಬಿತ್ತು!"

ಎಲ್ಲರೂ ಓಡಿದರು. ಭಾವ ಎಳೆದಷ್ಟೂ ಅದು ಅಲ್ಲೇ. ಮೀನಾದರೆ ಅತ್ತಿತ್ತ ಓಡಬೇಡವೇ? ಇದು ಕಲ್ಲಿನಂತೆ ನಿಂತಿದೆ. ಅಷ್ಟು ಹೊತ್ತಿಗೆ ಜಗದೀಶಣ್ಣ ಮೆಲ್ಲಗೆ ಹೇಳಿದರು, "ಮೀನಲ್ಲ ಮಾರಾಯ. ಪಂಪಿನ ಫುಟ್‌ವಾಲ್ವ್."

ನೀರು ಹೀರುವ ಪೈಪಿನ ಬುಡಕ್ಕೆ ಗಾಳ ಕಚ್ಚಿಕೊಂಡಿತ್ತು.

"ವನಜಾ, ಒಂದು ನಿಮಿಷ ಇಂಜಿನ್ ಆಫ್ ಮಾಡು! ಬಿಡಿಸ್ಕೊಳ್ತೀನಿ!"

ಆ ಇಂಜಿನ್ ಒಮ್ಮೆ ನಿಂತರೆ ಮತ್ತೆ ಹೊತ್ತಿಕೊಳ್ಳುವುದು ಅದಕ್ಕೆ ಮನಸ್ಸು ಬಂದಾಗ ಎಂಬುದು ಆ ಮನೆಯ ನಾಯಿಗೂ ಗೊತ್ತು. ಅಕ್ಕ ಪೈಪು ಕೆಳಗಿಟ್ಟಳು. ಸೊಂಟದಲ್ಲಿದ್ದ ಕತ್ತಿ ತೆಗೆದುಕೊಂಡು ದಂಡೆಗೆ ನಡೆದಳು. ಬಿಗಿದು ನಿಂತ ದಾರಕ್ಕೆ ಒಂದೇ ಏಟು. ಭಾವ ಕೋಲಿನ ಸಮೇತ ಹಿಂದಕ್ಕೆ ಬಿದ್ದರು.

"ಇಂಪೋರ್ಟೆಡ್ ಜಿಗ್ ಕಣೇ ಅದು!"

"ಇದು ನನ್ನ ತೋಟ ಕಣ್ರೀ!" ಎಂದಳು. ಕತ್ತಿ ಹಿಡಿದ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಇಷ್ಟು ವರ್ಷದಲ್ಲಿ ಅವಳು ನಾಲ್ಕು ಜನರ ಎದುರು ಅಳುವುದನ್ನು ನಾನು ನೋಡಿದ್ದು ಇದೇ ಮೊದಲು. ನನಗೆ ಭಾವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಪೈಪು ಭಾರವಿಲ್ಲದಿದ್ದರೆ ಏನಾಗುತ್ತಿತ್ತೋ.

ಜಗದೀಶಣ್ಣ ಟೋಪಿ ತೆಗೆದಿಟ್ಟು ಪೈಪು ಹೊರಲು ಬಂದರು. ಉಳಿದವರಿಗೆ ಇದ್ದಕ್ಕಿದ್ದಂತೆ ಮನೆಯ ನೆನಪಾಯಿತು. ಭಾವನೂ ಕೊನೆಗೆ ಬಂದರು. ಕತ್ತಲಾಗುವವರೆಗೆ ಹೊತ್ತರು, ಇಲ್ಲವೆನ್ನುವುದಿಲ್ಲ. ಬೆಳಿಗ್ಗೆಯೇ ಬಂದಿದ್ದರೆ?

ಮೇಲಿನ ಅರ್ಧಕ್ಕೆ ನೀರು ಸಿಕ್ಕಿತು. ಅಲ್ಲಿ ಮುಂದಿನ ವಾರ ಮಲ್ಲಿಗೆ ಚೆಲ್ಲಿದ ಹಾಗೆ ಬಿಳಿ. ಕೆಳಗಿನ ಅರ್ಧಕ್ಕೆ ಪೈಪು ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು. ಅಲ್ಲಿ ಮೊಗ್ಗು ಬಿಚ್ಚಲೂ ಇಲ್ಲ, ಮುಚ್ಚಲೂ ಇಲ್ಲ, ಹಾಗೇ ಕಂದಿ ಉದುರಿತು.

ಅಕ್ಕ ಫೋನ್ ಮಾಡಿದ್ದಳು. "ಅರ್ಧ ಉಳೀತು ಅಂತ ಖುಷಿಪಡ್ಲಾ, ಅರ್ಧ ಹೋಯ್ತು ಅಂತ ಅಳ್ಲಾ, ನೀನೇ ಹೇಳು" ಎಂದಳು. ಮೀನಿಗೆ ಯಾವ ಬಣ್ಣದ ಬಾಲ ಇಷ್ಟ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳಬಲ್ಲ ಗಂಡಸರು ನಮ್ಮ ಗುಡ್ಡಗಳಲ್ಲಿ ಬೇಕಾದಷ್ಟಿದ್ದಾರೆ. ಮನೆಯೊಳಗಿನವರಿಗೆ ಏನು ಬೇಕು ಎಂಬ ವಿಷಯಕ್ಕೆ ಮಾತ್ರ ಇನ್ನೂ ಡಿವಿಡಿ ಬಂದಿಲ್ಲ.

ಕ್ಲಬ್ಬಿನಲ್ಲಿ ಕೆಳಗಿನ ತೋಟದ ವಿಷಯ ಯಾರೋ ಕೇಳಿದರಂತೆ. ಭಾವ ನಿಟ್ಟುಸಿರು ಬಿಟ್ಟು, "ಈ ಸಲ ಮಳೆ ಕೈಕೊಟ್ಟುಬಿಡ್ತು ಮಾರಾಯ" ಎಂದರಂತೆ. ಸುತ್ತ ಕೂತವರೆಲ್ಲ ಹೌದು ಹೌದು ಎಂದರಂತೆ.

ಪಾಪ, ಮಳೆ ಕ್ಲಬ್ಬಿನ ಮೆಂಬರ್ ಅಲ್ಲವಲ್ಲ, ಅದರ ಪರವಾಗಿ ಎದ್ದು ನಿಂತು ಉತ್ತರ ಕೊಡುವವರು ಯಾರು?