ಮುಂದಿದ್ದವರ ಎಡಗೈ

ಈ ಭಾನುವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ನನ್ನ ಸೈಕಲ್ಲಿನ ಚೈನು ಕಿರುಗುಟ್ಟತೊಡಗಿತು. ಡಬ್ಬಿಯಲ್ಲಿ ಎಣ್ಣೆ ಮುಗಿದಿತ್ತು. ಒಳಗಿನಿಂದ ಹರಳೆಣ್ಣೆ ತಂದು ನಾಲ್ಕು ಹನಿ ಬಿಟ್ಟೆ. ಆ ಮಂದ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರು ಮನೆಯ ಮೇಷ್ಟ್ರು ಗೇಟಿನ ಹತ್ತಿರ ಬಂದು ನಿಂತ ಹಾಗಾಯಿತು. ಅವರು ಚೈನಿಗೆ ಹರಳೆಣ್ಣೆ ಬಿಟ್ಟರೆ ಬೇರೇನನ್ನೂ ಹಾಕುತ್ತಿರಲಿಲ್ಲ. ಅವರು ತೀರಿಕೊಂಡು ಎರಡು ವರ್ಷವಾಯಿತು...

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾಗಿದ್ದರು. ಆದರೆ ನಿವೃತ್ತಿ ಶಾಲೆಯಿಂದ ಮಾತ್ರ, ಸೀಟಿಯಿಂದ ಅಲ್ಲ. ನಮ್ಮ ಬಟ್ಟೆ ಒಣಗಿಸುವ ಹಗ್ಗ ಜೋತುಬಿದ್ದರೆ ಅವರಿಗೆ ಕಾಣಬೇಕು, ನನ್ನ ಸ್ಕೂಟರ್ ಓರೆಯಾಗಿ ನಿಂತರೂ ಕಾಣಬೇಕು. ಕಂಡದ್ದನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳಲೂ ಬೇಕು. ನಾನೂ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ನಲವತ್ತು ದಾಟಿದವಳು. ಅವರ ಬಾಯಲ್ಲಿ ಮಾತ್ರ ಆರನೇ ಕ್ಲಾಸಿನ ಹುಡುಗಿ.

ಇಷ್ಟಾದರೂ ಅವರ ಸೈಕಲ್ ಗುಂಪಿಗೆ ನಾನೇ ಹೋಗಿ ಸೇರಿದ್ದೆ. ಚಿಕ್ಕಬಳ್ಳಾಪುರದಲ್ಲಿ ಬೇರೆ ಗುಂಪು ಇರಲಿಲ್ಲ. ತಿಂಗಳ ಮೊದಲ ಭಾನುವಾರ ಎಂಟು ಹತ್ತು ಮಂದಿ ಹೊರಡುತ್ತಿದ್ದೆವು. ಶಿಡ್ಲಘಟ್ಟದಲ್ಲಿ ಟೀ, ಚಿಂತಾಮಣಿಯಲ್ಲಿ ತಿಂಡಿ, ಬಂದ ದಾರಿಯಲ್ಲೇ ವಾಪಸು. ಒಬ್ಬರ ಹಿಂದೆ ಒಬ್ಬರು ಒತ್ತಾಗಿ ಹೋಗುವಾಗ ಹಿಂದಿದ್ದವರಿಗೆ ಮುಂದಿನವರ ಬೆನ್ನು ಬಿಟ್ಟು ರಸ್ತೆ ಕಾಣುವುದಿಲ್ಲ. ಅದಕ್ಕೇ ಗುಂಡಿ ಬಂದಾಗ ಎಲ್ಲರಿಗಿಂತ ಮುಂದಿದ್ದ ಮೇಷ್ಟ್ರು ಎಡಗೈ ಇಳಿಸಿ ತೋರಿಸುತ್ತಿದ್ದರು. ಅದನ್ನು ನೋಡಿದ ಎರಡನೆಯವರು ತಾವೂ ಕೈ ಇಳಿಸಬೇಕು, ಅವರನ್ನು ನೋಡಿ ಮೂರನೆಯವರು... ಹೀಗೆ ಅದು ಕೈಯಿಂದ ಕೈಗೆ ಕೊನೆಯವರೆಗೂ ಮುಟ್ಟುತ್ತಿತ್ತು. ನಡುವೆ ಒಬ್ಬರು ಸುಮ್ಮನಿದ್ದರೂ ಹಿಂದಿನವರು ಕುರುಡರೇ.

ಅಂಥ ಒಂದು ಭಾನುವಾರ, ಹಿಂದಿನ ರಾತ್ರಿಯಿಡೀ ಮಳೆ ಬಂದು ಬೆಳಿಗ್ಗೆ ಬಿಟ್ಟಿತ್ತು. ಶಿಡ್ಲಘಟ್ಟ ಇನ್ನೂ ಸ್ವಲ್ಪ ದೂರವಿರುವಾಗ ಹಿಪ್ಪುನೇರಳೆ ಸೊಪ್ಪು ಹೇರಿದ ಟ್ರ್ಯಾಕ್ಟರೊಂದು ಅಡ್ಡ ಬಂದದ್ದರಿಂದ ನಾನು ಗಕ್ಕನೆ ಬ್ರೇಕ್ ಹಾಕಿದೆ. ಹಿಂದಿನವರು ನನ್ನ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಟೀ ಅಂಗಡಿಯಲ್ಲಿ ಮೇಷ್ಟ್ರು ಎಲ್ಲರ ಮುಂದೆ ಶುರುಮಾಡಿದರು.

“ಬ್ರೇಕ್ ಹಾಕೋದು ನಿನ್ನಿಷ್ಟ ಕಣಮ್ಮ. ಹಿಂದಿರೋರಿಗೆ ಹೇಳೋದ್ಯಾರು? ಪಾಠ ಹೇಳೋರಿಗೇ ಇಷ್ಟು ತಿಳುವಳ್ಕೆ ಇಲ್ದಿದ್ರೆ ಮಕ್ಕಳ ಗತಿ ಏನು?”

ಎಲ್ಲರೂ ನಕ್ಕರು. ಅಂಗಡಿಯವನೂ ನಕ್ಕ. ಅಷ್ಟಕ್ಕೇ ಬಿಡದೆ, ಇನ್ನು ಮೇಲೆ ತಮ್ಮ ಕಣ್ಣಳತೆಯಲ್ಲೇ ಇರಬೇಕೆಂದು ನನ್ನನ್ನು ಎರಡನೇ ಜಾಗಕ್ಕೆ ಹಾಕಿದರು. ನನ್ನ ಹಿಂದೆ ಬಂದವಳು ನಮ್ಮದೇ ಶಾಲೆಯ ಸೈನ್ಸ್ ಟೀಚರ್. ನನ್ನ ಮಾತು ಕೇಳಿಯೇ ಗುಂಪಿಗೆ ಸೇರಿದ್ದಳು.

ಶಿಡ್ಲಘಟ್ಟ ದಾಟಿ ಏಳೆಂಟು ಕಿಲೋಮೀಟರ್ ಹೋಗಿರಬೇಕು. ಟೀ ಅಂಗಡಿಯ ನಗು ಇನ್ನೂ ಕಿವಿಯಲ್ಲೇ ಇತ್ತು. ಮೇಷ್ಟ್ರ ಎಡಗೈ ಕೆಳಗಿಳಿಯಿತು. ಪೈಪಿಗೆಂದು ಹೊಸದಾಗಿ ಅಗೆದ ಗುಂಡಿ, ಮಳೆನೀರು ತುಂಬಿ ಬರೀ ಒದ್ದೆಯ ಹಾಗೆ ಕಾಣುತ್ತಿತ್ತು. ನನಗೆ ಅವರ ಕೈ ಕಂಡಿತು, ಚೆನ್ನಾಗಿಯೇ ಕಂಡಿತು. ಇವರು ಕುಣಿಸಿದ ಹಾಗೆ ನಾನ್ಯಾಕೆ ಕುಣಿಯಬೇಕು ಅನ್ನಿಸಿತು. ಹ್ಯಾಂಡಲ್ ಬಿಗಿಯಾಗಿ ಹಿಡಿದು ನಾನೊಬ್ಬಳೇ ಪಕ್ಕಕ್ಕೆ ತಪ್ಪಿಸಿಕೊಂಡೆ. ಮರುಕ್ಷಣವೇ ಹಿಂದೆ ಸದ್ದಾಯಿತು...

ಗುಂಡಿಗೆ ಬಿದ್ದ ಸೈನ್ಸ್ ಟೀಚರಿನ ಬಲ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಆಸ್ಪತ್ರೆಗೆ ಓಡಿಬಂದ ಅವಳ ಗಂಡ, ಕೈ ತೋರಿಸದೆ ಇದ್ದದ್ದು ಯಾರು ಎಂದು ಕೂಗಾಡಿದ. ಮೇಷ್ಟ್ರು ನನ್ನ ಕಡೆ ತಿರುಗಿಯೂ ನೋಡದೆ, “ನಾನೇ ಕಣಪ್ಪ. ಮರ್ತೋಯ್ತು,” ಅಂದರು.

ಅವತ್ತಿನಿಂದ ಅವರ ಮಾತಿಗೆ ಬೆಲೆ ಹೋಯಿತು. ವಯಸ್ಸಾಯಿತು, ಇನ್ನು ಮುಂದೆ ಹೋಗುವುದು ಬೇಡ ಎಂದು ಗುಂಪಿನವರು ಅವರನ್ನು ಕೊನೆಗೆ ಹಾಕಿದರು. ಕೆಲವು ತಿಂಗಳು ಬಾಯಿ ಮುಚ್ಚಿಕೊಂಡು ಕೊನೆಯಲ್ಲಿ ಬಂದರು, ಆಮೇಲೆ ಬರುವುದನ್ನೇ ಬಿಟ್ಟರು. ನನಗೆ ಅವರ ಮೇಲೆ ಮೊದಲಿದ್ದುದಕ್ಕಿಂತ ಹೆಚ್ಚು ಸಿಟ್ಟು ಬಂತು. ಕೇಳದೆ ಮಾಡಿದ ಉಪಕಾರವನ್ನು ಹೊತ್ತುಕೊಂಡು, ದಿನಾ ಬೆಳಿಗ್ಗೆ ಅವರ ಮುಖ ನೋಡಿ ರಂಗೋಲಿ ಹಾಕಬೇಕಿತ್ತಲ್ಲ. ಕೊನೆಗೆ ಒಂದು ದಿನ ತಡೆಯಲಾರದೆ ರಸ್ತೆ ದಾಟಿ ಹೋಗಿ, ನನ್ನನ್ನು ಕಾಪಾಡಿ ಎಂದು ಯಾರು ಕೇಳಿದ್ದರು ಎಂದೇ ಕೇಳಿದೆ.

“ನಿನ್ನ ಕಾಪಾಡಕ್ಕೆ ಹೇಳ್ಲಿಲ್ಲ ಕಣಮ್ಮ ನಾನು. ನಿನ್ನ ಎರಡನೇ ಜಾಗಕ್ಕೆ ಹಾಕ್ದೋನು ನಾನು. ನೀನು ಎಂಥೋಳು ಅಂತ ಗೊತ್ತಿದ್ದೂ ಹಾಕ್ದೆ. ತಪ್ಪು ನಂದೇ.”

ಅಷ್ಟು ಹೇಳಿ ಗೇಟು ಹಾಕಿಕೊಂಡರು. ನನ್ನೊಡನೆ ಅವರಾಡಿದ ಕೊನೆಯ ಮಾತು ಅದು. ಸಾಯುವವರೆಗೂ ಆ ಸತ್ಯವನ್ನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಈ ಭಾನುವಾರ ಚಿಂತಾಮಣಿಯ ಹೋಟೆಲಿನಲ್ಲಿ ಸೈನ್ಸ್ ಟೀಚರ್ ನನ್ನ ಎದುರಿಗೇ ಕೂತಿದ್ದಳು. ಮಣಿಕಟ್ಟು ಈಗಲೂ ಪೂರ್ತಿ ಬಗ್ಗುವುದಿಲ್ಲ, ದೋಸೆಯನ್ನು ಎಡಗೈಯಲ್ಲಿ ಮುರಿಯುತ್ತಾಳೆ. ಯಾರೋ ಮೇಷ್ಟ್ರ ಮಾತೆತ್ತಿದಾಗ, ಆ ಮನುಷ್ಯ ಅವತ್ತು ಒಂದು ಕೈ ತೋರಿಸಿದ್ದರೆ ಎಂದು ಅವಳು ಎಂದಿನಂತೆ ಶುರುಮಾಡಿದಳು. ಎಷ್ಟೋ ಸಲ ಕೇಳಿ ಸುಮ್ಮನಿದ್ದೇನೆ. ಈ ಸಲ ಮಾತ್ರ ಬೆಳಿಗ್ಗೆ ಬೆರಳಿಗೆ ಮೆತ್ತಿದ್ದ ಹರಳೆಣ್ಣೆ ಎಷ್ಟು ತೊಳೆದರೂ ಹೋಗಿರಲಿಲ್ಲ. ಉಳಿದವರು ಕೈ ತೊಳೆಯಲು ಎದ್ದ ಮೇಲೆ, ಅವರು ಕೈ ತೋರಿಸಿದ್ದರು, ಅದನ್ನು ನಿನಗೆ ದಾಟಿಸದೆ ಇದ್ದವಳು ನಾನು, ಬೇಕೆಂದೇ ದಾಟಿಸಲಿಲ್ಲ ಎಂದು ಹೇಳಿಬಿಟ್ಟೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಎಡಗೈಯಲ್ಲಿದ್ದ ದೋಸೆಯ ತುಂಡನ್ನು ತಟ್ಟೆಗೆ ವಾಪಸು ಹಾಕಿದಳು.

“ಮೇಷ್ಟ್ರು ಕಾಯಿಲೆ ಬಿದ್ದು ಮಲಗಿಬಿಟ್ಟಿದ್ದಾಗ ಎರಡು ಸಲ ಹೇಳಿ ಕಳ್ಸಿದ್ರು ಕಣೇ, ಒಂದ್ಸಲ ಬಂದು ನೋಡ್ಕೊಂಡು ಹೋಗಮ್ಮ ಅಂತ. ನನ್ನ ಕೈ ಮುರಿಯೋ ಹಂಗೆ ಮಾಡ್ದೋನ ಮುಖ ಏನು ನೋಡೋದು ಅಂತ ನಾನು ಹೋಗ್ಲಿಲ್ಲ.”

ಅದು ನನಗೆ ಗೊತ್ತಿರಲಿಲ್ಲ. ಅವರ ಹೆಂಡತಿಯಾದರೂ ಇದ್ದಾರಾ, ಹೋಗಿ ಮಾತಾಡಿಸಿ ಬರುತ್ತೇನೆ ಅಂದಳು. ಅವರೂ ಹೋದ ವರ್ಷ ತೀರಿಕೊಂಡರು, ಮಕ್ಕಳಿರಲಿಲ್ಲ, ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ ಅಂದೆ.

“ಹಂಗಾದ್ರೆ ಇದನ್ನ ಈಗ ನಂಗ್ಯಾಕೆ ಹೇಳ್ದೆ?”

ಅವಳು ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು.