ಫೌಲ್ ಎಂದು ಕೂಗಿದ ಸಂಜೆ

ಮೈಕಿನ ಬಾಯಿಗೆ ತೊಡಿಸಿದ ಕರಿ ಸ್ಪಂಜಿನಿಂದ ಲವಂಗದ ವಾಸನೆ ಬರುತ್ತಿತ್ತು. ಶಹಾಬಾದಿನ ಆ ಮನೆಯ ಪಡಸಾಲೆಯಲ್ಲಿ ತೀರಿಕೊಂಡ ಕಾಕಾನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವು. ಮಗ ಅಂಗಡಿಯಿಂದ ಅವರ ಹಳೆಯ ಮೈಕನ್ನು ತಂದು ತೊಡೆಯ ಪಕ್ಕದಲ್ಲಿಟ್ಟಿದ್ದ. ಹಾರ ಹಾಕಲು ಬಗ್ಗಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಹಾರವನ್ನು ಹಿಡಿದುಕೊಂಡೇ ಕಂಬದ ಪಕ್ಕ ಕುಳಿತುಬಿಟ್ಟೆ.

ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಅವರದು. ಮದುವೆಗೆ, ಸಭೆಗೆ, ಪುರಾಣಕ್ಕೆ ಆಳಿನ ಕೈಯಲ್ಲಿ ಸೆಟ್ ಕಳಿಸಿ ಸುಮ್ಮನಿರುತ್ತಿದ್ದರು. ಕಬಡ್ಡಿ ಎಂದರೆ ಮಾತ್ರ ತಾವೇ ಬಂದು ಮೈಕಿನ ಮುಂದೆ ಕೂರುತ್ತಿದ್ದರು. ಬಾಯಲ್ಲಿ ಸದಾ ಒಂದು ಲವಂಗ. ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಎಲ್ಲಿ ಕಬಡ್ಡಿಯಿದ್ದರೂ ಕಾಮೆಂಟ್ರಿ ಅವರದೇ. ನಾನು ಚಿತ್ತಾಪುರದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಮಾಸ್ತರ. ಅಂಕ ಬರೆಯುವ ಕೆಲಸ ನನಗೆ ಬೀಳುತ್ತಿತ್ತು. ನಮ್ಮಿಬ್ಬರ ಕುರ್ಚಿಗಳು ಒಂದೇ ಮೇಜಿನ ಹಿಂದೆ, ಅಂಕಣದ ನಡುಗೆರೆಗೆ ನೇರವಾಗಿ ಇರುತ್ತಿದ್ದವು. ಗೆರೆಯ ಮೇಲೆ ಏನು ನಡೆದರೂ ನಮ್ಮ ಕಣ್ಣು ತಪ್ಪುತ್ತಿರಲಿಲ್ಲ.

ಅವರದೊಂದು ಪಣವಿತ್ತು. ಒಂದು ಪಂದ್ಯವನ್ನು ಕರೆದ ಶಬ್ದದಿಂದ ಅದೇ ದಿನ ಇನ್ನೊಂದು ಪಂದ್ಯವನ್ನು ಕರೆಯುತ್ತಿರಲಿಲ್ಲ. ದಿನದ ಮೊದಲನೆಯದು ಯಾವಾಗಲೂ ‘ಆಟ’. ಆಮೇಲೆ ಪಂದ್ಯ, ಸ್ಪರ್ಧೆ, ಪೈಪೋಟಿ, ಸೆಣಸಾಟ, ಮೇಲಾಟ, ಮುಖಾಮುಖಿ. ಶಹಾಬಾದಿನ ತಂಡ ಇಳಿದರೆ ಮುಕಾಬಲಾ. ಸೇಡಂ ಗಡಿಯವರು ಬಂದರೆ ಅವರಿಗಾಗಿ ತೆಲುಗಿನ ಪೋಟಿ. ಫೈನಲ್ಲಿಗೆ ಕಾಳಗ ಎಂಬುದನ್ನು ಎತ್ತಿಟ್ಟಿರುತ್ತಿದ್ದರು. ಬಾಯಿಗೆ ಬಂದದ್ದನ್ನು ಆಡುವವರಲ್ಲ ಅವರು, ಪ್ರತಿಯೊಂದಕ್ಕೂ ಅವರಲ್ಲಿ ಲೆಕ್ಕವಿತ್ತು.

“ಎರಡೂ ತಂಡ ಸಮ ಇರಬೇಕ್ರಿ ಮಾಸ್ತರ್ರ, ಆಗಷ್ಟ ಹಣಾಹಣಿ,” ಎಂದಿದ್ದರು ಒಮ್ಮೆ. “ಒಬ್ಬಾಂವ ಬಡಿಯೋದು, ಇನ್ನೊಬ್ಬಾಂವ ಬಡಿಸ್ಕೊಳ್ಳೋದು ಇದ್ರ ಬರೇ ಪಂದ್ಯ ಅಂದ್ರ ಸಾಕು. ಜಿದ್ದಾಜಿದ್ದಿ ಅನ್ಲಿಕ್ಕ ಹ್ವಾದ ವರ್ಷದ ಸಿಟ್ಟು ಇನ್ನಾ ಹೊಟ್ಟ್ಯಾಗ ಇರಬೇಕು.”

ಜನ ಆಟ ನೋಡಲು ಎಷ್ಟು ಬರುತ್ತಿದ್ದರೋ, ಕಾಕಾನನ್ನು ಹಿಡಿಯಲೂ ಅಷ್ಟೇ ಬರುತ್ತಿದ್ದರು. ಅಪ್ಪಿತಪ್ಪಿ ಹಳೆಯ ಶಬ್ದ ಮತ್ತೆ ಬಂದರೆ ಮೈದಾನವೆಲ್ಲ ಒಂದೇ ಸಲ “ಫೌಲ್!” ಎಂದು ಕೂಗುತ್ತಿತ್ತು. ಸಿಳ್ಳೆ, ಚಪ್ಪಾಳೆ. ಕಾಕಾ ಎದ್ದು ಕೈಮುಗಿಯಬೇಕು, ಮೊದಲು ಕೂಗಿದವನಿಗೆ ಚಹಾ ಕುಡಿಸಬೇಕು. ಒಮ್ಮೆ ಯಾರೋ ಒಬ್ಬ, “ಕಾಕಾ, ಶಬ್ದದ ಚೀಲ ತೂತು ಬಿದ್ದದ, ಹೊಲಿಸ್ಕೊಳ್ರಿ!” ಎಂದ. ಕಾಕಾ ಮೈಕಿನಲ್ಲೇ, “ಮೊದ್ಲು ನಿನ್ನ ಬಾಯಿ ಹೊಲಿಸ್ತೀನಿ, ದಾರ ಉಳದ್ರ ಚೀಲ ನೋಡಣ. ಕುಂದ್ರೊ!” ಎಂದರು. ರೆಫರಿ ಕೂಡ ಸೀಟಿ ಬಾಯಲ್ಲಿಟ್ಟುಕೊಂಡು ನಗುತ್ತಿದ್ದರು.

ವರ್ಷಗಳ ಹಿಂದೆ ಒಂದು ಸಂಜೆ ವಾಡಿಯ ಕ್ವಾರ್ಟರ್ಸ್ ಹಿಂದಿನ ಮೈದಾನದಲ್ಲಿ ಸೆಮಿಫೈನಲ್. ಬಿಸಿಲು ಇನ್ನೂ ಇತ್ತು. ಗುಂಡಗುರ್ತಿಯ ತಂಡದ ರೇಡರ್ ಒಬ್ಬ ನೀರು ಕುಡಿಯಲು ನಮ್ಮ ಮೇಜಿನ ಬಳಿ ಬಂದ. ಮದುವೆಯಾಗಿ ಒಂದು ಕೂಸಿದ್ದವನು, ಟಂಟಂ ಆಟೋ ಓಡಿಸುತ್ತಿದ್ದ.

“ಕಾಕಾ, ನಮ್ಮದಕ್ಕ ಏನಂತೀರಿ ಇವತ್ತ?”

“ಕಟ್ಟಿ ಇಟ್ಟೀನಿ ನಿಮ್ಮ ಸಲುವಾಗಿ. ಮೊದ್ಲು ಆಡು ಹೋಗು, ಸಂತ್ಯಾಗಿನ ಎತ್ತಿನಂಗ ನೀರ ಕುಡಿಬ್ಯಾಡ.”

ಅವನು ನಕ್ಕು ಹೋದ. ಆ ಪಂದ್ಯಕ್ಕೆ ಕಾಕಾ ಹಣಾಹಣಿ ಎಂದೇ ಕರೆದರು.

ಇನ್ನೊಂದು ವಿಷಯ ಹೇಳಬೇಕು. ರೇಡಿಗೆ ಹೋದವನ ‘ಕಬಡ್ಡಿ ಕಬಡ್ಡಿ’ ಎಲ್ಲರಿಗೂ ಕೇಳಲಿ ಎಂದು ಕಾಕಾ ನಡುಗೆರೆಯ ತುದಿಯಲ್ಲಿ, ನೆಲದ ಹತ್ತಿರ, ಒಂದು ಮೈಕ್ ಇಡುತ್ತಿದ್ದರು. ಅದರ ದನಿ ಹೆಚ್ಚು ಕಡಿಮೆ ಮಾಡಲು ಒಂದು ಕಿವಿಗೆ ಇಯರ್‌ಫೋನ್ ಹಚ್ಚಿಕೊಂಡಿರುತ್ತಿದ್ದರು. ಕೊನೆಯ ರೇಡಿನ ಹೊತ್ತಿಗೆ ಅಂಕ ಸಮವಾಗಿತ್ತು. ನೀರು ಕುಡಿಯಲು ಬಂದಿದ್ದ ಆ ಗುಂಡಗುರ್ತಿಯವನೇ ರೇಡಿಗೆ ಹೋದ. ಎದುರಾಳಿಗಳಾದ ಚಿಂಚೋಳಿ ಕಡೆಯ ತಂಡದವರು ಅವನ ಕಾಲು ಹಿಡಿದರು, ಮೇಲೆ ಬಿದ್ದರು. ಅದು ಆಟದ ನಿಯಮವೇ, ಯಾರದೂ ತಪ್ಪಲ್ಲ. ಆ ರಾಶಿಯ ಕೆಳಗಿಂದ ಒಂದು ಕೈ ಮಾತ್ರ ಹೊರಗೆ ಬಂದು ಗೆರೆಯ ಕಡೆ ಹರಿಯುತ್ತಿತ್ತು. ಗೆರೆ ಮುಟ್ಟಿದರೆ ಹಿಡಿದವರೆಲ್ಲ ಔಟು, ಗುಂಡಗುರ್ತಿಗೆ ಗೆಲುವು. ಜನ ಎದ್ದು ನಿಂತಿದ್ದರು. ಸ್ಪೀಕರಿನ ಸದ್ದೂ ಕೇಳದಷ್ಟು ಗದ್ದಲ.

ನನ್ನ ಪಕ್ಕದಲ್ಲಿ ಕಾಕಾನ ಕೈ ಕಿವಿಯ ಮೇಲೆ ಹೋಯಿತು. ರಾಶಿಯ ಕೆಳಗೆ ಅವನ ಉಸಿರು ಸಿಕ್ಕಿಕೊಂಡದ್ದು ಇಯರ್‌ಫೋನಿನಲ್ಲಿ ಅವರೊಬ್ಬರಿಗೇ ಕೇಳಿಸಿತ್ತು. ಒಮ್ಮೆಲೇ ಎದ್ದು ನಿಂತು ಮೈಕಿನಲ್ಲಿ ಕೂಗಿದರು.

“ಆಟ ನಿಲ್ಲಸ್ರಿ! ಆಟ ನಿಲ್ಲಸ್ರಿ! ಏಳ್ರಿ ಮ್ಯಾಲ, ಆಟ...”

ಮೈದಾನ ಒಂದೇ ದನಿಯಲ್ಲಿ ಉತ್ತರಿಸಿತು.

“ಫೌಲ್!”

ಮಧ್ಯಾಹ್ನದ ಮೊದಲ ಪಂದ್ಯ ‘ಆಟ’ ಆಗಿತ್ತಲ್ಲ. ಕಾಕಾ ಸಿಕ್ಕಿಬಿದ್ದರೆಂದು ಜನ ಕುಣಿದರು. ಸಿಳ್ಳೆ ಹೊಡೆದರು, ಕುರ್ಚಿ ಬಡಿದರು. “ಚಾ! ಚಾ!” ಎಂದರು. ಕಾಕಾ ಎರಡೂ ಕೈ ಎತ್ತಿ ಬೀಸುತ್ತಿದ್ದರೆ, ತಪ್ಪೊಪ್ಪಿಕೊಂಡು ಕೈಮುಗಿಯುತ್ತಿದ್ದಾರೆ ಎಂದುಕೊಂಡು ಇನ್ನಷ್ಟು ಕೂಗಿದರು. ರೆಫರಿ ಆ ಗದ್ದಲಕ್ಕೆ ಒಮ್ಮೆ ನಮ್ಮ ಕಡೆ ತಿರುಗಿ ನಕ್ಕು ಮತ್ತೆ ಗೆರೆ ನೋಡಿದರು. ನಾನು ಮೇಜು ದಾಟಿ ಓಡಿದೆ. ನನ್ನ ಹಿಂದೆ ಕಾಕಾ, ಮೈಕಿನ ವೈರು ಕಾಲಿಗೆ ಸಿಕ್ಕು ಬಿದ್ದು, ಎದ್ದು...

ಒಬ್ಬೊಬ್ಬರನ್ನಾಗಿ ಎಳೆದೆವು. ಕೊನೆಯವನು ಏಳುವಾಗಲೂ ನಗುತ್ತಿದ್ದ, ಕೆಳಗೆ ನೋಡಿದ ಮೇಲೆ ನಿಂತಲ್ಲೇ ಕುಳಿತ. ಗುಂಡಗುರ್ತಿಯವನ ಕೈ ಚಾಚಿದಂತೆಯೇ ಇತ್ತು. ಬೆರಳಿಗೂ ಸುಣ್ಣದ ಗೆರೆಗೂ ನಡುವೆ ಒಂದು ಗೇಣು ನೆಲ ಉಳಿದಿತ್ತು. ನಾನು ಅದನ್ನು ನೋಡಿದೆ. ಕಾಕಾನೂ ನೋಡಿದರು. ಆಮೇಲೆ ಅವನನ್ನು ಎತ್ತುವಾಗ ಕಾಲುಗಳೆಲ್ಲ ಓಡಾಡಿ ಗೆರೆ ಅಳಿಸಿಹೋಯಿತು.

ಕಲಬುರಗಿಯ ಆಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ಹೋಗಿಬಿಟ್ಟ. ಎದೆ ನಿಂತಿತ್ತಂತೆ. ಕಾಕಾ ಕೂಗಿದ ಕೂಡಲೇ ಮೇಲೆ ಬಿದ್ದವರು ಎದ್ದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಯಾರಿಗೂ ಹೇಳಲಾಗಲಿಲ್ಲ. ಕಾಕಾ ಹಲವರನ್ನು ಕೇಳಿದರು. ನನ್ನನ್ನೂ ಕೇಳಿದರು.

ಮಣ್ಣಾದ ಕೆಲವು ದಿನಗಳ ಮೇಲೆ ನನ್ನನ್ನು ಕರೆದುಕೊಂಡು ಗುಂಡಗುರ್ತಿಗೆ ಹೋದರು. ತಮ್ಮ ಶಬ್ದದ ಪಣದಿಂದಲೇ ತಡವಾಯಿತೆಂದು ಅವನ ಹೆಂಡತಿಗೆ ಇದ್ದಂತೆ ಹೇಳಿಬಿಡಬೇಕು ಎಂದಷ್ಟೇ ಹೇಳಿದ್ದರು. ಆಕೆ ಹೊಸ್ತಿಲ ಒಳಗೆ ಕುಳಿತಿದ್ದಳು, ತೊಡೆಯ ಮೇಲೆ ಕೂಸು. ಕಾಕಾ ಬಾಯಿ ತೆರೆಯುವ ಮೊದಲೇ ಆಕೆ ಕೇಳಿದಳು.

“ನಾ ಬ್ಯಾಡ ಅಂದಿದ್ದೆರಿ ಕಾಕಾ. ‘ಇದೊಂದು ಗೆದ್ದು ಬರ್ತೀನಿ’ ಅಂತ ಹೋದ್ರು. ಅವರ ಕೈ ಗೆರಿ ಮುಟ್ಟಿತ್ತೇನ್ರಿ? ಒಬ್ಬೊಬ್ರು ಒಂದೊಂದು ಹೇಳ್ತಾರ.”

ಒಂದು ಶಬ್ದಕ್ಕಾಗಿ ರಾತ್ರಿಯೆಲ್ಲ ತೂಗಿ ನೋಡುತ್ತಿದ್ದ ಮನುಷ್ಯ ಅವರು. ಆಗ ತಡಮಾಡಲಿಲ್ಲ.

“ಮುಟ್ಟಿತ್ತವ್ವ. ನಾ ನೋಡೀನಿ.”

ಆಕೆ ಅಲ್ಲಿಯವರೆಗೆ ಅತ್ತಿರಲಿಲ್ಲವಂತೆ. ಆಗ ಅತ್ತಳು. ಕಾಕಾ ಹೇಳಲು ಬಂದ ಮಾತನ್ನು ಹೇಳಲೇ ಇಲ್ಲ. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮುಖ ನೋಡದೆ, “ಮಾಸ್ತರ್ರ, ನೀವೂ ಗೆರಿ ಎದುರಿಗೇ ಕುಂತಿದ್ರಿ,” ಎಂದರು.

“ಹೌದ್ರಿ.”

ಅಷ್ಟೇ. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಮುಂದಿನ ವರ್ಷ ಚಿತ್ತಾಪುರದಲ್ಲಿ ಕಬಡ್ಡಿ ನಡೆದಾಗ ಅವರನ್ನು ಒತ್ತಾಯದಿಂದ ಕರೆತಂದರು. ಮೊದಲನೆಯದಕ್ಕೆ ‘ಆಟ’ ಎನ್ನದೆ ಪಂದ್ಯ ಎಂದರು, ಆಮೇಲೆ ಸ್ಪರ್ಧೆ ಎಂದರು. ಮೂರನೆಯದಕ್ಕೆ ಮತ್ತೆ ಪಂದ್ಯ ಎಂದುಬಿಟ್ಟರು. ಬೇಕೆಂದೇ ಅಂದರೋ, ನೆನಪು ತಪ್ಪಿತೋ... ಜನ ತಲೆ ತಗ್ಗಿಸಿ ಕುಳಿತಿದ್ದರು. ಕಾಕಾ ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡರು. “ಯಾಕ, ಕೇಳಲಿಲ್ಲೇನು? ಎರಡ್ಸಲ ಅಂದೀನಲ್ಲ. ಅನ್ರಿ,” ಎಂದರು. ‘ಫೌಲ್’ ಎಂದು ಕೂಗುವವರೇ ಇರಲಿಲ್ಲ. ಅವರು ಮೈಕನ್ನು ನನ್ನ ಮುಂದೆ ಸರಿಸಿ ಎದ್ದುಹೋದರು. ಆಮೇಲೆ ಅವರ ದನಿಯನ್ನು ಯಾವ ಮೈದಾನದಲ್ಲೂ ಕೇಳಿದವರಿಲ್ಲ.

ಪಡಸಾಲೆಯಲ್ಲಿ ಇಷ್ಟೆಲ್ಲ ನೆನೆಯುತ್ತ ಕುಳಿತಿದ್ದಾಗ ಗುಂಡಗುರ್ತಿಯ ಆ ಹೆಣ್ಣುಮಗಳು ಬಂದಳು. ವರ್ಷಗಳ ಮೇಲೆ ನೋಡಿದರೂ ಗುರುತು ಸಿಕ್ಕಿತು. ಕಾಕಾನ ಪಾದಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಏಳಲಿಲ್ಲ. ಆಮೇಲೆ ಅವರ ಸೊಸೆಯ ಕೈ ಹಿಡಿದು, “ನಮ್ಮವರ ಕೈ ಗೆರಿ ಮುಟ್ಟಿದ್ದು ನೋಡಿದವರು ಇವರ್ರಿ. ಇವರ ಒಂದು ಮಾತಿನ ಮ್ಯಾಲ ನಾ ಬದುಕೀನಿ,” ಎಂದಳು. ಹಾಗೇ ತಿರುಗಿದವಳು ಕಂಬದ ಬಳಿ ಕುಳಿತ ನನ್ನನ್ನು ಕಂಡಳು.

“ಮಾಸ್ತರ್ರ, ನೀವೂ ಅಲ್ಲೇ ಇದ್ರಿ. ನೀವೂ ನೋಡೀರಿ, ಹೌದಲ್ಲರಿ?”

ಪಡಸಾಲೆಯ ಜನ ನನ್ನ ಕಡೆ ತಿರುಗಿದರು. ಆ ಸಂಜೆಯಿಂದ ಇಲ್ಲಿಯವರೆಗೆ ಆ ಗೆರೆಯ ವಿಷಯ ನನ್ನನ್ನು ನೇರವಾಗಿ ಯಾರೂ ಕೇಳಿರಲಿಲ್ಲ. ಕೇಳಬೇಕಾದವರಿಗೆ ಕಾಕಾ ಉತ್ತರಿಸಿದ್ದರು. ಕಾಕಾ ಇರುವತನಕ ಅದು ಅವರ ಮಾತಾಗಿತ್ತು.

“ಹೌದು ತಂಗಿ,” ಎಂದೆ. “ಮುಟ್ಟಿತ್ತು.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೆಂಗಸರ ನಡುವೆ ಹೋಗಿ ಕುಳಿತಳು. ಹೊರಗೆ ಎಲ್ಲ ಸಿದ್ಧವಾಯಿತೆಂದು ಯಾರೋ ಕರೆದರು. ಕೈಯಲ್ಲೇ ಉಳಿದಿದ್ದ ಹಾರವನ್ನು ಕಾಕಾನ ಕೊರಳಿಗೆ ಹಾಕಿದೆ. ಅವರನ್ನು ಎತ್ತಲು ಕೈ ಹಾಕಿದವರಲ್ಲಿ ನಾನೂ ಒಬ್ಬ. ಭಾರವಿರಲಿಲ್ಲ, ಮುದುಕರ ಮೈ.