ಹಿಂದಿನ ಬ್ರೇಕು ತಿಂದವರು ಯಾರು?

ಒಬ್ಬ ಮನುಷ್ಯನನ್ನು ಕಳ್ಳನನ್ನಾಗಿ ಮಾಡಲು ಎಷ್ಟು ಹೊತ್ತು ಬೇಕು? ನನಗೆ ಗ್ರೌಂಡ್ ಫ್ಲೋರಿನಿಂದ ಮೂರನೇ ಮಾಳಿಗೆಗೆ ಲಿಫ್ಟ್ ಹೋಗುವಷ್ಟು ಹೊತ್ತು ಸಾಕಾಯಿತು. (ನಮ್ಮ ಲಿಫ್ಟು ನಿಧಾನ. ಆದರೂ ಒಂದು ನಿಮಿಷ ಮೀರಿರಲಾರದು.)

ನಾನು ಹಾಗೆ ಕಳ್ಳ ಅಂದದ್ದು ಮೆಕ್ಯಾನಿಕ್ ವಾಸು ಅವರನ್ನು. ವಡಾಲ ಸ್ಟೇಷನ್ನಿನ ಆಚೆ, ಎರಡು ಕಾರು ನಿಲ್ಲುವಷ್ಟು ಜಾಗದಲ್ಲಿ ಅವರ ಗ್ಯಾರೇಜು. ಉಡುಪಿ ಕಡೆಯವರು. ಹೋಟೆಲ್ ಕೆಲಸಕ್ಕೆಂದು ಬಂದು, ದೋಸೆ ಕಾವಲಿಯ ಬಿಸಿ ಒಗ್ಗದೆ ಸ್ಪ್ಯಾನರ್ ಹಿಡಿದವರು. ಆಂಟಾಪ್ ಹಿಲ್ಲಿನ ನಮ್ಮ ಬಿಲ್ಡಿಂಗಿನಲ್ಲಿ ಕಾರು ಇರುವುದು ನಾಲ್ಕೇ ಮನೆಗೆ. ನಾಲ್ಕೂ ವಾಸು ಅವರ ಕೈಗೇ ಹೋಗುತ್ತಿದ್ದವು.

ನನ್ನದು ಹೊಸ ಕಾಲದ ಪುಟ್ಟ ಕಾರು. ಎರಡು ವರ್ಷ ಕಾದು ಪಡೆದದ್ದು. ಮನೆಗೆ ಬಂದ ದಿನ ನನ್ನ ಹೆಂಡತಿ ವತ್ಸಲಾ ಆರತಿ ಎತ್ತಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದಳು. ಆದರೂ ವರ್ಷ ತುಂಬುವುದರೊಳಗೆ ಹಿಂದಿನ ಚಕ್ರಗಳ ಬ್ರೇಕ್ ಲೈನರ್ ಸವೆದುಹೋಯಿತು. ವಾಸು ಹೊಸದು ಹಾಕಿಕೊಟ್ಟರು. ನಾಲ್ಕು ತಿಂಗಳಿಗೆ ಅದೂ ಮುಗಿಯಿತು!

ಯಾವ ಕಾರಿನಲ್ಲಾದರೂ ಮೊದಲು ಸವೆಯುವುದು ಮುಂದಿನ ಬ್ರೇಕು. ನನ್ನದರಲ್ಲಿ ಮುಂದಿನದು ಹೊಸ ಅಳಿಯನ ಹಾಗೆ ನಳನಳಿಸುತ್ತಿತ್ತು, ಹಿಂದಿನದು ಮಾತ್ರ ಸವೆದು ಸಣ್ಣಗಾಗಿತ್ತು. ಇದಕ್ಕೆ ಅರ್ಥ ಏನು? ಹೊಸದೆಂದು ಹೇಳಿ ಯಾರದೋ ಹಳೆಯದನ್ನು ಹಾಕಿದ್ದಾರೆ ಎಂದು ನಾನು ತೀರ್ಪು ಕೊಟ್ಟೆ. ಆ ತೀರ್ಪನ್ನು ಲಿಫ್ಟಿನಲ್ಲಿ ಜೊತೆಗಿದ್ದ ಮೂರನೇ ಮಾಳಿಗೆಯ ಪಾಟ್ಕರ್ ಅವರಿಗೆ ಓದಿಯೂ ಹೇಳಿದೆ. ವಾರದೊಳಗೆ ಉಳಿದ ಮೂರೂ ಕಾರುಗಳು ಸಯನ್ನಿನ ಬೇರೆ ಗ್ಯಾರೇಜಿಗೆ ತಿರುಗಿದವು.

ವಾಸು ಅವರಿಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಅವರ ಗ್ಯಾರೇಜಿಗೆ ಬೋರ್ಡು ಕೂಡ ಇಲ್ಲ. ಇರುವುದು ಬಾಯಿಂದ ಬಾಯಿಗೆ ಹೋದ ಹೆಸರೊಂದೇ. ಅದನ್ನೇ ನಾನು ಕಿತ್ತಿದ್ದೆ. ಕಳೆದ ಭಾನುವಾರ ಅವರು ನಮ್ಮ ಮನೆ ಬಾಗಿಲಿಗೆ ಬಂದರು. ಜಗಳಕ್ಕೆ ನಾನು ಸಿದ್ಧನಾಗಿಯೇ ಬಾಗಿಲು ತೆಗೆದೆ. ಅವರು ಜಗಳ ತಂದಿರಲಿಲ್ಲ.

"ನಾಳೆ ಬೆಳಿಗ್ಗೆ ನಾನೂ ಬರ್ತೇನೆ ಸಾರ್. ನೀವೂ ಅಕ್ಕನೂ ದಿನಾ ಹೇಗೆ ಹೋಗ್ತೀರೋ ಹಾಗೇ ಹೋಗಿ. ನಾನು ಹಿಂದೆ ಕೂತ್ಕೊಳ್ತೇನೆ, ಅಷ್ಟೆ" ಅಂದರು.

ನಾವಿಬ್ಬರೂ ಕೆಲಸ ಮಾಡುವುದು ವಿಕ್ರೋಳಿಯಲ್ಲಿ, ಬೇರೆ ಬೇರೆ ಆಫೀಸು. ಸೋಮವಾರ ವಾಸು ಹಿಂದಿನ ಸೀಟಿನಲ್ಲಿ ಕೂತರು. ನಾನು ಎಂದಿನಂತೆ ಹೊಡೆದೆ. ಎಂದಿನಂತೆ ಅಂದರೆ, ಮುಂದೆ ಡಬಲ್ ಡೆಕ್ಕರ್ ಬಸ್ಸು ಇದ್ದರೆ ಅದನ್ನು ಹಿಂದೆ ಹಾಕದೆ ನನಗೆ ಸಮಾಧಾನವಿಲ್ಲ. ವತ್ಸಲಾ ಎಂದಿನಂತೆ "ನಿಧಾನ, ನಿಧಾನ" ಅನ್ನುತ್ತಿದ್ದಳು. ಚೆಂಬೂರು ದಾಟುವಾಗ ಎಂದಿನಂತೆ ಸುಟ್ಟ ವಾಸನೆ ಬಂತು. ಇದೆಲ್ಲ ಇಲ್ಲಿನ ಫ್ಯಾಕ್ಟರಿಗಳ ಉಪಕಾರ ಎಂದು ನಾನು ಕಿಟಕಿಯ ಗಾಜು ಏರಿಸಿದೆ. ವಾಸು ಹಿಂದಿನಿಂದ ಎಲ್ಲವನ್ನೂ ನೋಡುತ್ತಿದ್ದರು.

ವತ್ಸಲಾ ತನ್ನ ಆಫೀಸಿನ ಗೇಟಿನಲ್ಲಿ ಇಳಿದು ಹೋದಳು. ಅವಳು ಮರೆಯಾಗುವವರೆಗೆ ಕಾದು ವಾಸು ಮುಂದಕ್ಕೆ ಬಾಗಿದರು.

"ಲೈನರ್ ತಿಂದದ್ದು ನಾನಲ್ಲ ಸಾರ್. ಅಕ್ಕ ಹೆದರಿದಾಗೆಲ್ಲ ಹ್ಯಾಂಡ್‌ಬ್ರೇಕ್ ಹಿಡ್ಕೊಳ್ತಾರೆ. ಇಲ್ಲಿ ನೋಡಿ, ಎರಡು ಹಲ್ಲು ಮೇಲೆ ಬಂದಿದೆ."

ನೋಡಿದೆ. ಎರಡು ಸೀಟುಗಳ ನಡುವಿನ ಆ ಹಿಡಿಕೆ ಅರೆಬರೆ ಎದ್ದು ಕೂತಿತ್ತು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅಂದರೆ ವರ್ಷಪೂರ್ತಿ ನಾನು ಬ್ರೇಕು ಹಾಕಿಕೊಂಡೇ ಕಾರು ಓಡಿಸಿದ್ದೆ.

ಪ್ರಿಯ ಓದುಗರೇ, ನಗಬೇಡಿ. ವತ್ಸಲಾ ಮದುವೆಯಾಗಿ ಬಂದಂದಿನಿಂದ ಹದಿನೆಂಟು ವರ್ಷ ಲೋಕಲ್ ಟ್ರೈನಿನಲ್ಲಿ ನಿಂತು ಹೋದವಳು. ವಡಾಲದಲ್ಲಿ ಹತ್ತಿ, ಕುರ್ಲಾದಲ್ಲಿ ಬದಲಿಸಿ, ವಿಕ್ರೋಳಿಯಲ್ಲಿ ಇಳಿಯುವತನಕ ಕೈಗೆ ಏನಾದರೊಂದು ಹಿಡಿಕೆ ಸಿಗಲೇಬೇಕು. ಈ ಊರಿನಲ್ಲಿ ಹಿಡಿಕೆ ಬಿಟ್ಟವರು ನೆಟ್ಟಗೆ ಮನೆ ಸೇರುವುದು ಕಷ್ಟ. ಕಾರಿನಲ್ಲಿ ಕೂತರೂ ಕೈ ಸುಮ್ಮನಿರುತ್ತದೆಯೇ? ಸಿಕ್ಕಿದ್ದನ್ನು ಹಿಡಿಯಿತು.

ಕಾರು ಎಳೆಯುತ್ತಿಲ್ಲ ಎಂದು ನಾನು ಆಕ್ಸಿಲರೇಟರ್ ಒತ್ತುತ್ತಿದ್ದೆ. ನಾನು ಒತ್ತಿದಷ್ಟೂ ಅವಳು ಹೆದರಿ ಎಳೆಯುತ್ತಿದ್ದಳು. ಆಫೀಸು ತಲುಪಿದ ಮೇಲೆ ನಾನೇ ಅದನ್ನು ಪೂರ್ತಿ ಮೇಲಕ್ಕೆ ಎಳೆದು ಇಳಿಯುತ್ತಿದ್ದುದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಎಚ್ಚರಿಸುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಎಚ್ಚರಿಸುತ್ತಿತ್ತು. ಹೊಸ ಕಾರುಗಳ ವೈರಿಂಗೇ ಇಷ್ಟು ಎಂದು ಬೈದುಕೊಂಡು, ಮೊದಲ ತಿಂಗಳಲ್ಲೇ ಅದರ ವೈರು ಕಿತ್ತವನು ನಾನು.

ನನ್ನ ಮುಖದಲ್ಲಿ ಏನು ಕಂಡಿತೋ, ವಾಸು ಒಂದು ಮಾತು ಸೇರಿಸಿದರು. "ಅಕ್ಕನಿಗೆ ಹೇಳ್ಬೇಡಿ ಸಾರ್. ಬೇಜಾರು ಮಾಡ್ಕೊಂಡು ನಾಳೆಯಿಂದ ಟ್ರೈನಿಗೆ ಹೋದಾರು."

ತನ್ನನ್ನು ಕಳ್ಳ ಅಂದವನ ಹೆಂಡತಿಗೆ ಬೇಸರವಾಗಬಾರದಂತೆ! ಆ ಸವೆದ ಲೈನರ್ ಕೈಯಲ್ಲಿ ಹಿಡಿದು, ಬಿಲ್ಡಿಂಗಿನ ಕೆಳಗೆ ನಿಂತು ನಾಲ್ಕು ಜನ ಸೇರಿಸಿ ನನ್ನ ಮಾನ ಕಳೆಯಬಹುದಿತ್ತು. ನಾನಾಗಿದ್ದರೆ ಖಂಡಿತ ಕಳೆಯುತ್ತಿದ್ದೆ. ಅವರು ಅಂದೇ ಕುರ್ಲಾದ ಗುಜರಿಗೆ ಹೋಗಿ, ಯಾವುದೋ ಹಳೆಯ ಕಾರಿನ ಹಿಡಿಕೆಯೊಂದನ್ನು ತಂದು, ರಾತ್ರಿ ವತ್ಸಲಾ ಕೂರುವ ಕಡೆ ಬಾಗಿಲ ಮೇಲೆ ಜೋಡಿಸಿದರು. ಹೊಸ ಲೈನರ್ ಹಾಕಿ, ಕಿತ್ತ ವೈರನ್ನೂ ಸೇರಿಸಿಕೊಟ್ಟರು. ನಾನು ಎದುರಿಗೇ ನಿಂತು ತಪ್ಪಾಯಿತು ಅಂದೆ. "ಇರ್ಲಿ ಬಿಡಿ ಸಾರ್" ಅಂದರು, ತಲೆ ಎತ್ತದೆ, ಸ್ಕ್ರೂ ತಿರುಗಿಸುತ್ತಾ.

ಮಂಗಳವಾರ ವತ್ಸಲಾ ಹಿಡಿಕೆ ನೋಡಿದಳು. ಇದ್ಯಾಕೆ ಬಂತು ಎಂದು ಕೇಳಿದಳು. ನಾನು ತಡವರಿಸಿದೆ. ಸಯನ್ ಸರ್ಕಲ್ ಬರುವುದರೊಳಗೆ ಪೂರ್ತಿ ವಿಷಯ ಹೊರಗೆ ಎಳೆದಳು. (ಎಳೆಯುವುದರಲ್ಲಿ ಅವಳ ಕೈ ಎಂಥದೆಂದು ಈಗ ನಿಮಗೂ ಗೊತ್ತು.) ನನ್ನ ಕಡೆ ತಿರುಗಿ ಕೂತಳು.

"ಹಿಡ್ಕೊಳ್ಳೋಕೇ ಇಟ್ಟಿದ್ದಾರೆ ಅಂದ್ಕೊಂಡಿದ್ದೆ. ಅದೇನು ಅಂತ ನೀವು ಒಂದಿನ ಆದ್ರೂ ಹೇಳಿದ್ರಾ? ನಿಧಾನ ಅಂದಾಗ ನಿಧಾನವಾಗಿ ಹೋಗಿದ್ರೆ ನಾನ್ಯಾಕೆ ಹಿಡ್ಕೋತಿದ್ದೆ?"

ಆಮೇಲೆ ಅವಳೇ ಹೇಳಿದಳು, ನನ್ನ ಹೆಸರು ಹಾಕಿಯೇ ಪೇಪರಿನ ನಿಮ್ಮ ಅಂಕಣದಲ್ಲಿ ಬರೀರಿ, ಆ ಮನುಷ್ಯನ ಹೆಸರು ಮೊದಲಿನ ಹಾಗೆ ಆಗಲಿ ಎಂದು. ಬರೆದಿದ್ದೇನೆ. ಇಬ್ಬರಿಗೂ ನಾನು ಋಣಿ. ಹಿಂದಿನ ಚಕ್ರ ಇಷ್ಟು ದಿನ ಹಿಡಿದಿಟ್ಟವಳಿಗೂ, ಮುಂದೆ ಎಲ್ಲಿಯೂ ಗುದ್ದದ ಹಾಗೆ ಬ್ರೇಕು ಸರಿಮಾಡಿಕೊಟ್ಟ ವಾಸು ಅವರಿಗೂ. ನಾನು ಹೊಡೆಯುತ್ತಿದ್ದ ಸ್ಪೀಡಿಗೆ ಹೆಂಡತಿಯ ಆ ಕೈಯೇ ನಮ್ಮಿಬ್ಬರನ್ನೂ ಉಳಿಸಿರಬಹುದು ಎಂದು ಈಗ ಅನ್ನಿಸುತ್ತದೆ.

ಪೇಪರು ಬರುವವರೆಗೆ ಕಾಯುವುದು ಬೇಡವೆಂದು ಗುರುವಾರ ಸಂಜೆ ಮೂರೂ ಮನೆಗಳ ಬಾಗಿಲು ತಟ್ಟಿದೆ. ತಪ್ಪು ನನ್ನದೇ, ವಾಸು ಅವರದಲ್ಲ ಎಂದು ನಿಂತಲ್ಲೇ ಹೇಳಿದೆ. ಇಬ್ಬರು ಕೂಡಲೇ ಒಪ್ಪಿದರು, ಮುಂದಿನ ಸಲ ವಡಾಲಕ್ಕೇ ಹೋಗುವುದಾಗಿ ಹೇಳಿದರು. ಕೊನೆಗೆ ಪಾಟ್ಕರ್. ಅವರು ಹುಬ್ಬೇರಿಸಿದರು. ಬುಧವಾರ ದಾರಿಯಲ್ಲಿ ಸಿಕ್ಕಿದ್ದ ವಾಸು ಅವರನ್ನು ತಾವೇ ವಿಚಾರಿಸಿದ್ದರಂತೆ. "ನನ್ನ ಕೈಯಿಂದಲೇ ಏನೋ ತಪ್ಪಾಗಿರಬೇಕು ಸಾಬ್" ಎಂದಷ್ಟೇ ಹೇಳಿ ಅವರು ಹೋದರಂತೆ.

ಬುಧವಾರ! ಅಷ್ಟರಲ್ಲಿ ವಾಸು ಅವರಿಗೆ ಎಲ್ಲವೂ ಗೊತ್ತಿತ್ತು.

ಪಾಟ್ಕರ್ ನನ್ನ ಕೈ ಹಿಡಿದು ಕುಲುಕಿದರು. ಒಬ್ಬ ಮೆಕ್ಯಾನಿಕ್‌ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಲು ಮನೆಮನೆಗೆ ಬಂದಿದ್ದೀರಲ್ಲ, ನಿಮ್ಮದು ಬಹಳ ದೊಡ್ಡ ಮನಸ್ಸು ಅಂದರು.

ದೊಡ್ಡ ಮನಸ್ಸು ಯಾರದು ಸ್ವಾಮಿ?